ಅಭಿಪ್ರಾಯ ಬರೆಯದವರು

ನುಡಿ ಹುಟ್ಟುವ ಮುನ್ನವೂ ನುಡಿ ನಿಂತ ಮೇಲೂ ಇರುವ ಸ್ವಾಮಿಗೆ ಶರಣು. ಹನ್ನೊಂದನೆಯ ತಿಂಗಳ ಮೂರನೆಯ ದಿನ, ಸೋಮವಾರ, ಬೆಳಗಿನ ಹತ್ತು ಗಂಟೆ.

ಎಂದಿನಂತೆ ಕನ್ನಡಕದ ಅಂಗಡಿಯ ಮೇಲಿನ ಮಹಡಿ ಹತ್ತಿದೆ. ಹದಿನೆಂಟು ಮೆಟ್ಟಿಲು, ನಡುವೆ ಒಮ್ಮೆ ವಿಶ್ರಾಂತಿ. ತಮ್ಮನ ಮಗಳ ಪುಟ್ಟ ಕಂಪನಿ. ದರ್ಜಿಗಳು ಗಿರಾಕಿಗಳ ಅಳತೆ ಬರೆದಿಡುವ ಸಾಫ್ಟ್‌ವೇರ್ ತಯಾರಿಸುತ್ತಾಳೆ. ಅದರ ಸಹಾಯಪುಟಗಳ ಕರಡು ತಿದ್ದುವುದು ನನ್ನ ಕೆಲಸ. ಇಂದು ಬೇರೆ ಕೆಲಸ ಒಪ್ಪಿಸಿದಳು — ಆರು ತಿಂಗಳ ಗ್ರಾಹಕರ ಅಭಿಪ್ರಾಯಗಳು. ಪರದೆ ನೋಡಿದರೆ ನನಗೆ ಕಣ್ಣಲ್ಲಿ ನೀರು. ಅದಕ್ಕೆ ಪ್ರಿಂಟ್ ತೆಗೆದು ಹೊಲಿದು ಕೊಟ್ಟಿದ್ದಾಳೆ.

"ದೊಡ್ಡಪ್ಪ, ಸಪೋರ್ಟಿಗೆ ಒಬ್ಬರು ಬೇಕೇ ಬೇಕಾ, ಇಲ್ಲ ಮೆಷಿನ್ನೇ ಉತ್ತರ ಕೊಟ್ರೆ ಸಾಕಾ? ಮಾರಾಟದವರು ಸಾಕು ಅಂತಿದಾರೆ. ನನಗೆ ಇಬ್ರೂ ಬೇಕಾದವರು. ನೀವೇ ಓದಿ ಹೇಳಿ."

ಮಾರಾಟದವನನ್ನು ನಾನು ಮನಸ್ಸಿನಲ್ಲಿ ಮಾತಿನಮಲ್ಲನೆಂದು ಕರೆಯುತ್ತೇನೆ. ಉತ್ತರ ಹೇಳುವ ಹೆಂಗಸು ಎಲ್ಲರ ಬಾಯಲ್ಲೂ ಸಪೋರ್ಟಮ್ಮ. ದಿನವಿಡೀ ಬಾಲ್ಕನಿಯಲ್ಲಿ ಫೋನು ಹಿಡಿದು ಓಡಾಡುತ್ತಾಳೆ. ಯಾರೊಡನೆ?

೫, ಬುಧವಾರ

ಮಾತಿನಮಲ್ಲನನ್ನು ಹೊಗಳಿದ ಪತ್ರಗಳು ಅರವತ್ತೆರಡು. ಸಪೋರ್ಟಮ್ಮನ ಹೆಸರಿರುವುದು ಒಂದೇ; ಅದೂ ದೂರು — "ಏನಾದ್ರೂ ಕೇಳಿದ್ರೆ ಇವ್ರು ನಮ್ಮನ್ನೇ ತಿರುಗಿ ಪ್ರಶ್ನೆ ಕೇಳ್ತಾರೆ."

ನಕ್ಕೆ. ಶಾಸ್ತ್ರ ಕಲಿಸಿದ ನನ್ನ ಗುರುಗಳ ಮೇಲೂ ಇದೇ ದೂರಿತ್ತು.

೭, ಶುಕ್ರವಾರ

ಅಭಿಪ್ರಾಯ ಬರೆದುಕೊಟ್ಟೆ. ಅರ್ಧ ಪುಟ. ಮೂಲದಲ್ಲಿ ಇಲ್ಲದ್ದನ್ನು ವ್ಯಾಖ್ಯಾನಕಾರ ತುಂಬಬಾರದೆಂಬುದು ನನ್ನ ಹಳೆಯ ಕಟ್ಟುಪಾಡು. ಮೂಲದಲ್ಲಿ ಆಕೆ ಮಾಡಿದ ಕೆಲಸಕ್ಕೆ ಆಧಾರವಿಲ್ಲ. ಹಾಗೆಂದೇ ಬರೆದೆ; ಆದುದರಿಂದ ಮೆಷಿನ್ ಸಾಕೆಂದೂ ಬರೆದೆ. ವಾಕ್ಯಗಳು ಅಚ್ಚುಕಟ್ಟಾಗಿ ಬಂದವು...

೧೪, ಶುಕ್ರವಾರ

ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆಂದು ಸಪೋರ್ಟಮ್ಮನಿಗೆ ತಿಳಿಸಲಾಯಿತು. ಆಕೆ ಕೇಳಿದ್ದು ಇಷ್ಟೇ — "ನಾನೇನ್ ಮಾಡ್ತೀನಿ ಅಂತ ಕಾಗದ ನೋಡಿ ತಿಳ್ಕೊಂಡ್ರಾ?" ಆಮೇಲೆ ಬಾಲ್ಕನಿಗೆ ಹೋದಳು. ಫೋನು ಮೊಳಗುತ್ತಿತ್ತು.

ನನಗೆ ಊಟ ಸೇರಲಿಲ್ಲ. ಕಟ್ಟನ್ನು ಮತ್ತೆ ಬಿಚ್ಚಿದೆ. ವಿಚಿತ್ರ! ಅರವತ್ತೆರಡೂ ಪತ್ರಗಳ ತಾರೀಖು ಕೊಂಡ ದಿನದ್ದೇ. ಒಂದರಲ್ಲೂ ಅಂಗಿಯ ಮಾತಿಲ್ಲ, ಕತ್ತರಿಯ ಮಾತಿಲ್ಲ. ಬಳಸುವ ಮುನ್ನವೇ ಹೊಗಳಿದರೇ?

ಮಾತಿನಮಲ್ಲನನ್ನು ಕೇಳಿದೆ. ಮುಚ್ಚುಮರೆಯಿಲ್ಲ ಅವನಿಗೆ.

"ಸೈನ್ ಮಾಡ್ಸಿದ ತಕ್ಷಣ ಬರೆಸ್ಕೊಂಡ್‌ಬಿಡ್ತೀನಿ ಅಜ್ಜಾ. ಆಮೇಲೆ ಬಳಸೋಕೆ ಶುರು ಮಾಡ್ತಾರಲ್ಲ, ಕೈಗೇ ಸಿಗಲ್ಲ!"

ಹಾಗಾದರೆ ಬಳಸುವವರೆಲ್ಲ ಎಲ್ಲಿ? ಮುನ್ನೂರು ಅಂಗಡಿಗಳು, ಅಷ್ಟೊಂದು ಮೌನ. ಅದರೊಳಗೇನಿದೆಯೋ ಎಂಬ ಕುತೂಹಲ ಬಿಡುತ್ತಿಲ್ಲ.

೧೮, ಮಂಗಳವಾರ, ಮಧ್ಯಾಹ್ನ ಒಂದೂವರೆ

ತಿಳಿಯಿತು!

ಸಪೋರ್ಟಮ್ಮ ಬೇರೊಂದು ಕಡೆ ಇಂಟರ್‌ವ್ಯೂಗೆ ಹೋಗಿದ್ದಳು. ಫೋನ್ ಆಫ್. ಹತ್ತೂಕಾಲಿಗೆ ಆಫೀಸಿನ ಫೋನು ಮೊಳಗಿತು. ಇಟ್ಟ ಕೂಡಲೇ ಮತ್ತೆ. ತಮ್ಮನ ಮಗಳು ಒಂದು ಎತ್ತಿದಳು, ಮಾತಿನಮಲ್ಲ ಒಂದು, ಕೊನೆಗೆ ನನ್ನ ಕೈಗೂ ಒಂದು.

"ಅಮ್ಮನ್ನ ಕರೀರಿ," ಎಂದಿತು ಆ ಕಡೆಯ ದನಿ. ತಾನು ದರ್ಜಿ, ಹೆಸರು ಕಾಲರ್ ಮಾಸ್ಟರ್ ಎಂದು ಹೇಳಿಕೊಂಡ. "ತೋಳಿನ ಜಾಗದಲ್ಲಿ ಸೊಂಟದ ಅಳತೆ ಬರ್ತಿದೆ. ಗಿರಾಕಿ ಕೈ ಚಾಚ್ಕೊಂಡು ನಿಂತಿದಾರೆ. ಏನು, ಮೂವತ್ತಾರು ಇಂಚಿನ ತೋಳು ಹೊಲೀಲಾ?"

ಮಾತಿನಮಲ್ಲ ಫೋನು ಕಸಿದುಕೊಂಡ. "ಸರ್, ಹೊಸ ವರ್ಷನ್‌ನಲ್ಲಿ—"

"ನಿಮ್ಮ ಹೊಸದು ಹಾಗಿರಲಿ ಸ್ವಾಮಿ, ಇರೋದನ್ನ ನೆಟ್ಟಗೆ ಮಾಡಿ! ಅಮ್ಮ ಇದ್ದಿದ್ರೆ, ಕೊನೇದಾಗಿ ಯಾವ ಗುಂಡಿ ಒತ್ತಿದ್ರಿ ಅಂತ ಕೇಳೋರು. ಅರ್ಧ ನಿಮಿಷದ ಕೆಲ್ಸ."

ಒಂದು ಗಂಟೆಯವರೆಗೆ ಮೂವತ್ತೇಳು ಕರೆ. ಎಣಿಸಿದವನು ನಾನೇ. ಸಪೋರ್ಟಮ್ಮನ ಬಗ್ಗೆ ಅಭಿಪ್ರಾಯ ಏಕೆ ಬರೆಯಲಿಲ್ಲವೆಂದು ಕರೆ ಮಾಡಿದ ಒಬ್ಬಾಕೆಯನ್ನು ಕೇಳಿಬಿಟ್ಟೆ. "ಅವ್ರ ನಂಬರೇ ನನ್ನ ಹತ್ರ ಇದೆ, ಬರೆಯೋದೇನು?" ಎಂದಳು, ನಾನೇನೋ ಹುಚ್ಚು ಮಾತಾಡಿದಂತೆ.

ಮಾತಿನಮಲ್ಲನ ಬೆನ್ನು ಬೆವೆತಿತ್ತು. ನನ್ನ ಅರ್ಧ ಪುಟ ಮಗಳ ಮೇಜಿನ ಮೇಲೆಯೇ ಇತ್ತು.

ಅದೇ ದಿನ, ಸಂಜೆ

ಸಪೋರ್ಟಮ್ಮ ಬಂದಳು, ಬಿಟ್ಟುಹೋಗಿದ್ದ ಚೀಲ ಕೊಂಡೊಯ್ಯಲು. ಬೇರೆ ಕಡೆ ಕೆಲಸ ಸಿಕ್ಕಿದೆಯಂತೆ. ನಾಡಿದ್ದು ಉತ್ತರ ಹೇಳಬೇಕು. ಮಗಳು ಇರು ಎಂದಳು, ಬೇಡಿದಳೆಂದರೂ ಸರಿ.

ಬಂದ ಕರೆಗಳನ್ನು ಏಕೆ ದಾಖಲಿಸಲಿಲ್ಲವೆಂದು ನಾನು ಕೇಳಿದೆ.

"ದಾಖಲು ಮಾಡಿದ್ರೆ ಅವ್ರಿಗೆ ಸ್ಟಾರ್ ಕೇಳೋ ಮೆಸೇಜ್ ಹೋಗುತ್ತೆ ಅಜ್ಜಾ. ಒಂದಲ್ಲ, ಮೂರು ಸಲ. ಕೈಯಲ್ಲಿ ಕತ್ತರಿ ಹಿಡಿದೋರನ್ನ ಸ್ಟಾರ್ ಕೊಡಿ, ಸ್ಟಾರ್ ಕೊಡಿ ಅಂತ ಪೀಡಿಸ್ಲಾ? ಕಷ್ಟದಲ್ಲಿ ಫೋನ್ ಮಾಡಿದೋರು ಅವ್ರು."

ಯೋಚಿಸಿ ಹೇಳುತ್ತೇನೆಂದು ಹೋದಳು. ಚೀಲ ಒಯ್ದಳು.

೨೦, ಗುರುವಾರ, ಸಂಜೆ ನಾಲ್ಕು

ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಹದಿನೆಂಟು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದೆ. ಆಕೆ ಬಂದಿದ್ದಳು. ಮಗಳು ಬಾಯಿ ತೆರೆಯುವ ಮೊದಲೇ ಹೇಳಿದೆ —

"ತಾಯಿ, ನಿಮ್ಮ ಕೆಲಸ ಬೇಡ ಅಂತ ಬರೆದದ್ದು ನಾನು. ಓದಲು ಬರುತ್ತದೆಂಬ ಜಂಬದಲ್ಲಿ, ಬರೆಯದವರ ಕಡೆಗೆ ನೋಡಲೇ ಇಲ್ಲ."

"ಗೊತ್ತು ಅಜ್ಜಾ. ಈ ಆಫೀಸಲ್ಲಿ 'ಆದುದರಿಂದ' ಅಂತ ಇನ್ಯಾರು ಬರೀತಾರೆ?"

ಮಾತಿನಮಲ್ಲ ನಗಲೋ ಬೇಡವೋ ಎಂದು ನೋಡಿದ. ಆಕೆಯೇ ಮೊದಲು ನಕ್ಕಳು. ಬಳಿಕ ಷರತ್ತು ಇಟ್ಟಳು: ಸ್ಟಾರ್ ಕೇಳುವ ಮೆಸೇಜ್ ನಿಲ್ಲಬೇಕು, ಮಾರಿದವನು ಮೊದಲ ವಾರ ತಾನೇ ಫೋನು ಎತ್ತಬೇಕು. ಮಾತಿನಮಲ್ಲ ಒಪ್ಪಿ ತಲೆಯಾಡಿಸಿದ. ಮಗಳು ಕುಳಿತಲ್ಲೇ ಮೆಸೇಜ್ ನಿಲ್ಲಿಸಿದಳು. ಆಕೆ ಆ ಇನ್ನೊಂದು ಕಂಪನಿಗೆ ಫೋನು ಮಾಡಿ, ಬರುವುದಿಲ್ಲವೆಂದಳು.

ಈಗ ಬಾಲ್ಕನಿಯಲ್ಲಿ ಆಕೆಯ ಪಕ್ಕಕ್ಕೆ ಕುರ್ಚಿ ಹಾಕಿಕೊಂಡಿದ್ದೇನೆ. ಯಾರ ಕಷ್ಟ, ಏನು ಪರಿಹಾರ — ಕೇಳಿಸಿಕೊಂಡು ಬರೆಯುವುದು. ಆಕೆಯ ಪ್ರಶ್ನೆಗಳ ಕ್ರಮವೇ ಒಂದು ಶಾಸ್ತ್ರ. ಬೆಳಗಿನಿಂದ ಒಂಬತ್ತು ಪುಟ.

ಹೊಲಿಯುವವರಿಗೂ ತೊಡುವವರಿಗೂ, ಕಟ್ಟುವ ಮಗಳಿಗೂ, ಮಾರುವವನ ನಾಲಿಗೆಗೂ, ಈ ತಾಯಿಯ ಕಿವಿಗೂ, ಒಂದಕ್ಷರವನ್ನೂ ಬರೆಯದ ಆ ಎಲ್ಲರಿಗೂ ಸ್ವಾಮಿ ಒಳ್ಳೆಯದು ಮಾಡಲಿ, ಅವರ ಕೈ ಎಂದೂ— ಇರಿ, ಫೋನು ಮೊಳಗುತ್ತಿದೆ.