ಕಡಲೆ ಮೂಟೆಗೆ ಮೀನಿನ ವಾಸನೆ ಎಲ್ಲಿಂದ ಬಂತು?

ಸುರಕ್ಷತಾ ವಿಭಾಗದ ಮುಖ್ಯಸ್ಥರೇ,

ಲ್ಯಾನ್ಸ್‌ಲಾಟ್ ನೀರು ಕುಡಿಯದೆ ಬಿದ್ದವನಲ್ಲ. ನಿಮ್ಮ ವರದಿ ಹಾಗೆನ್ನುತ್ತದೆ: ‘ಬಿಸಿಲಿನ ಬಳಲಿಕೆ, ಕಾರ್ಮಿಕನ ಸ್ವಂತ ಅಜಾಗರೂಕತೆ.’ ಆ ವರದಿಯ ಬಲದಿಂದಲೇ ಅವನು ಈ ಭಾನುವಾರ ಅದೇ ಗೋದಾಮಿಗೆ, ಅದೇ ಕಂಟೇನರ್ ಇಳಿಸುವ ಕೆಲಸಕ್ಕೆ ಮರಳಬೇಕೆಂದು ಆದೇಶವಾಗಿದೆ. ಇಂಗ್ಲಿಷಿನಲ್ಲಿ ನಿಮಗೆ ಬರೆದೆ, ಉತ್ತರ ಬರಲಿಲ್ಲ. ನೀವೂ ನಮ್ಮ ಕರಾವಳಿಯವರೇ. ಹಾಗಾಗಿ ಈಗ ಕನ್ನಡದಲ್ಲಿ, ನಾಲ್ಕು ಜನ ಓದುವಲ್ಲಿ ಬರೆಯುತ್ತಿದ್ದೇನೆ.

ಅವನು ಬಿದ್ದದ್ದು ಜನವರಿಯಲ್ಲಿ, ಮಾನ್ಯರೇ. ಅಂದು ನೀವು ಸ್ವೆಟರ್ ತೊಟ್ಟು ಬಂದಿದ್ದಿರಿ. ಜನವರಿಯ ಬಿಸಿಲು ಕತಾರಿನಲ್ಲಿ ಯಾರನ್ನಾದರೂ ಕೆಡವಿದ್ದನ್ನು ನೀವು ಕಂಡಿದ್ದೀರಾ?

ನಮ್ಮ ಗೋದಾಮಿನ ಪದ್ಧತಿ ನಿಮಗೆ ಗೊತ್ತಿರಬೇಕು, ಗೊತ್ತಿರದಿದ್ದರೆ ತಿಳಿಯಿರಿ. ಹಮದ್ ಬಂದರಿನಿಂದ ಕಂಟೇನರ್ ಬಂದೊಡನೆ ಗೇಟಿನ ಹಸನಬ್ಬ ಅದರ ಬಾಗಿಲು ತೆಗೆಯುತ್ತಾರೆ. ಎರಡೂ ರೆಕ್ಕೆಗಳನ್ನು ಹಿಂದಕ್ಕೆ ಪೂರ್ತಿ ಮಡಚಿ, ಕಂಟೇನರಿನ ಪಕ್ಕೆಗೆ ಒತ್ತಿ, ಗಾಳಿಗೆ ಬಡಿಯದಂತೆ ಕೊಕ್ಕೆ ಹಾಕುತ್ತಾರೆ. ಅದು ಅಚ್ಚುಕಟ್ಟಾದ ಕೆಲಸ. ಹುಳ ಸಾಯಲೆಂದು ಒಳಗೆ ವಿಷದ ಗಾಳಿ ತುಂಬಿದ್ದರೆ, ಅದನ್ನು ಹೇಳುವ ತಲೆಬುರುಡೆಯ ಚೀಟಿ ಅಂಟಿರುವುದು ಆ ಬಾಗಿಲಿನ ಹೊರಮೈ ಮೇಲೆ. ಬಾಗಿಲು ಮಡಚಿದೊಡನೆ ಹೊರಮೈ ಕಂಟೇನರಿನ ಗೋಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಬಂದ ಇಳಿಸುವವರಿಗೆ ಕಾಣುವುದು ಬಾಗಿಲಿನ ಒಳಮೈ ಮಾತ್ರ. ಬಾಗಿಲು ಮುಚ್ಚಿರುವಾಗ ಕಾಣುವ ಎಚ್ಚರಿಕೆ, ತೆರೆದಾಗ ಕಾಣುವುದಿಲ್ಲ. ಎಷ್ಟೋ ವರ್ಷಗಳಿಂದ ನಾವು ದಿನವೂ ಹೀಗೇ ತೆರೆಯುತ್ತಿದ್ದೇವೆ. ದಿನವೂ ಮಾಡಿದ್ದನ್ನು ಯಾರು ನೋಡುತ್ತಾರೆ?

ಅಂದು ಬಂದದ್ದು ಕಡಲೆ ಮೂಟೆ. ನೇಪಾಳದ ಇಬ್ಬರು ಮೂಗು ಮುಚ್ಚಿಕೊಂಡು ಹಿಂದೆ ನಿಂತರು. ಇಳಿಸುವ ತಂಡದ ಮೇಸ್ತ್ರಿ ಲ್ಯಾನ್ಸ್‌ಲಾಟ್ ಕಲ್ಯಾಣಪುರದವನು. ಅವನು ಮೂಗು ಅರಳಿಸಿದ.

“ಎಂತ ಮಾರಾಯ್ರೆ, ಒಣಮೀನಿನ ಪರಿಮಳ! ಅಮ್ಮನ ಅಡುಗೆಕೋಣೆಗೆ ಹೊಕ್ಕ ಹಾಗೆ ಆಗ್ತದೆ.”

“ಒಂದು ತೆಂಗಿನಕಾಯಿ ಇದ್ರೆ ಇಲ್ಲೇ ಚಟ್ನಿ ಅರೀಬಹುದಿತ್ತು, ಲ್ಯಾನ್ಸಿ ಭಾಯ್,” ಎಂದ ಅವನ ಜೊತೆಗಾರ, ಕಾಪುವಿನ ರಿತೇಶ್.

“ಪಾಪ ಇವರಿಗೆ ಗುಡ್ಡದ ಮೂಗು. ಸಮುದ್ರ ಗೊತ್ತಿಲ್ಲ. ಯಲ್ಲಾ, ನಡೀರಿ, ನೀವು ಟ್ರಾಲಿ ತನ್ನಿ, ಒಳಗೆ ನಾನೇ ಹೋಗ್ತೇನೆ.”

ಎಲ್ಲರೂ ನಕ್ಕರು. ಪಕ್ಕದ ಮೇಜಿನಲ್ಲಿ ಬಿಲ್ಲು ಬರೆಯುತ್ತಿದ್ದ ನನಗೂ ನಗು ಬಂತು. ಕಡಲೆಗೆ ಮೀನಿನ ವಾಸನೆ ಎಲ್ಲಿಂದ ಬಂತೆಂದು ಕೇಳಲು ನಮ್ಮ ಕರಾವಳಿಯ ಒಬ್ಬನಿಗೂ ತೋಚಲಿಲ್ಲ. ಆ ವಿಷದ ಗಾಳಿ ಬೆಳ್ಳುಳ್ಳಿಯ ಹಾಗೋ ಕೊಳೆತ ಮೀನಿನ ಹಾಗೋ ನಾರುತ್ತದೆಂದು ಆಮೇಲೆ ಓದಿ ತಿಳಿದೆ. ಬೇರೆಯವರನ್ನು ಹಿಂದಕ್ಕೆ ತಳ್ಳುವ ವಾಸನೆ ನಮ್ಮವನನ್ನು ಕೈಹಿಡಿದು ಒಳಗೆ ಕರೆದೊಯ್ಯಿತು.

ಮಧ್ಯಾಹ್ನದ ಹೊತ್ತಿಗೆ ಅವನು ವಾಂತಿ ಮಾಡಿದ. ಸಂಜೆ ಉಸಿರು ಕಟ್ಟಿತು. ಆಸ್ಪತ್ರೆಯಲ್ಲಿ ಡಾಕ್ಟರು ಅವನ ಹೆಂಡತಿ ರೆಜಿನಾಳನ್ನು ಕೇಳಿದ್ದು ಒಂದೇ ಪ್ರಶ್ನೆ: ಏನನ್ನು ಉಸಿರಾಡಿದ? ಅವಳು ನಿಮಗೆ ಫೋನ್ ಮಾಡಿದಳು. “ಹೀಟ್ ಅಮ್ಮಾ, ನೀರು ಕಮ್ಮಿ ಕುಡಿದಿದ್ದಾನೆ,” ಎಂದಿರಿ. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡವನ ಹೆಂಡತಿಗೆ ನೀವು ಹೇಳಿದ ಮಾತು ಅದು. ಅವನು ಬದುಕಿದ. ಇಲ್ಲೇ ಅಲ್ ಗರಾಫಾದಲ್ಲಿರುವ ಅವನ ಮನೆಗೆ ನೋಡಲು ಹೋಗಿದ್ದೆ. ಮೆಟ್ಟಿಲ ನಡುವೆ ಕುರ್ಚಿ ಇಟ್ಟಿದ್ದಾರೆ, ಅವನು ಕೂತು ಹತ್ತುತ್ತಾನೆ. “ಭಾನುವಾರ ಹೋಗದಿದ್ರೆ ಕೆಲಸ ಖಲಾಸ್ ಅಂತೆ,” ಎಂದ. ಟಿವಿ ನೋಡುತ್ತಲೇ ಹೇಳಿದ.

ನನಗೆ ಹಳೆಯದು ಬೇಗ ಮರೆತುಹೋಗುವುದಿಲ್ಲ. ಫೋರ್ಕ್‌ಲಿಫ್ಟ್ ಹಿಂದಕ್ಕೆ ಚಲಿಸುವಾಗ ಕೂಗುವ ಸದ್ದು ಕಿರಿಕಿರಿಯೆಂದು ಅದರ ತಂತಿ ಕಿತ್ತಿದ್ದರು. ಒಬ್ಬನ ಪಾದ ಹೋಯಿತು. ಆಗ ನಿಮಗಿಂತ ಹಿಂದಿನವರು ಎಲ್ಲರಿಗೂ ಟೋಪಿ ಹಂಚಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರನ್ನು ಕೇಳಿದ್ದೆ, ಬೇರೆ ಊರಿನ ಬಾಗಿಲು ಹಾಕುವವರನ್ನು ಇಲ್ಲಿ ಕಂಡೆ. ಈ ಸಲ ನೀವು ನೀರಿನ ಬಾಟಲಿ ಹಂಚಿದಿರಿ. ಸಾಲಿನಲ್ಲಿ ನಿಂತು ನಾನೂ ಒಂದು ತೆಗೆದುಕೊಂಡೆ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಾಟಲಿ ತಣ್ಣಗಿದೆ ಎಂದಷ್ಟೇ ಅನಿಸಿತು.

ಈ ಪತ್ರ ಬರೆಸಿದ್ದು ಅದಲ್ಲ. ಮೊನ್ನೆ ರಿತೇಶ್ ಬಂದು ಕೇಳಿದ: “ಸರ್, ಮೂಟೆ ಸಂದಿಯಲ್ಲಿ ಬಟ್ಟೆಯ ಪೊಟ್ಟಣ ಸಿಗ್ತದಲ್ಲ, ಬೂದಿ ಬಣ್ಣದ ಪುಡಿ. ತಿಗಣೆಗೆ ಆಗ್ತದಂತೆ. ರೂಮಿಗೆ ಒಯ್ಯಲಾ?”

“ಬೇಡ. ಅದು ವಿಷ.”

“ಎಂತ ವಿಷ ಸರ್? ಲ್ಯಾನ್ಸಿ ಭಾಯ್‌ಗೆ ಆದದ್ದು ಹೀಟ್ ಅಲ್ವಾ? ನೋಟಿಸ್ ಬೋರ್ಡಲ್ಲಿ ಉಂಟಲ್ಲ.”

ಅವನು ತಮಾಷೆ ಮಾಡುತ್ತಿರಲಿಲ್ಲ. ನಿಮ್ಮ ವರದಿಯನ್ನು ನಂಬಿದ್ದ. ಆ ವಿಷದ ಗಾಳಿ ಹೊರಡುವುದು ಅದೇ ಪುಡಿಯಿಂದ. ಕಿಟಕಿ ಮುಚ್ಚಿ, ಎಸಿ ಹಾಕಿ, ಎಂಟು ಜನ ಮಲಗುವ ಕೋಣೆ ಅದು. ನೀವು ‘ವಿಷ’ ಎಂಬ ಒಂದು ಪದ ಬರೆಯದೆ ಉಳಿಸಿಕೊಂಡದ್ದು ಗೋದಾಮಿನ ಹೆಸರನ್ನು. ಆ ಪದ ಇಲ್ಲದಿರುವುದರಿಂದಲೇ ವಿಷ ಇನ್ನು ಜೇಬಿನಲ್ಲಿ ಕೂತು ಹಾಸಿಗೆಯವರೆಗೆ ಹೋಗಬಹುದು. ಆಗ ಏನೆಂದು ಬರೆಯುತ್ತೀರಿ? ಮಲಗಿದ್ದಾಗಲೂ ನೀರು ಕುಡಿಯಲಿಲ್ಲವೆಂದೇ?

ನಾನು ಪರಿಹಾರ ಕೇಳುತ್ತಿಲ್ಲ, ಕ್ಷಮೆಯನ್ನೂ ಅಲ್ಲ. ಲ್ಯಾನ್ಸ್‌ಲಾಟ್ ಉಸಿರಾಡಿದ್ದು ವಿಷವೆಂದು ನೋಟಿಸ್ ಬೋರ್ಡಿನಲ್ಲಿ ಬರೆಯಿರಿ, ಅದರ ಹೆಸರು ಹೇಳಿ, ಹಿಂದಿಯಲ್ಲಿ, ನೇಪಾಳಿಯಲ್ಲಿ, ಮಲಯಾಳದಲ್ಲಿ, ಕನ್ನಡದಲ್ಲಿ. ಬಾಗಿಲಿನ ಒಳಮೈಗೂ ಚೀಟಿ ಅಂಟಿಸಿ. ಗಾಳಿ ಪರೀಕ್ಷಿಸುವ ಯಂತ್ರ ಹಿಡಿದವನು ಸರಿಯೆನ್ನುವ ತನಕ ಯಾರನ್ನೂ ಒಳಗೆ ಕಳಿಸಬೇಡಿ. ಲ್ಯಾನ್ಸ್‌ಲಾಟ್‌ನನ್ನು ಕರೆಯುವುದು ಡಾಕ್ಟರು ಒಪ್ಪಿದ ಮೇಲೆ. ಇದೆಲ್ಲ ಭಾನುವಾರದೊಳಗೆ ಆಗದಿದ್ದರೆ, ಮೊದಲ ಕಂಟೇನರ್ ತೆರೆದಾಗ ನೀವು ಬನ್ನಿ. ನಮಗಿಂತ ಮೊದಲು ನೀವು ಒಳಗೆ ಹೋಗಿ, ಕೊನೆಯ ಮೂಟೆಯವರೆಗೆ ನಡೆದು, ಆರಾಮಾಗಿ ಉಸಿರೆಳೆದುಕೊಂಡು ಹೊರಗೆ ಬನ್ನಿ. ಆಮೇಲೆ ರಿತೇಶನನ್ನು ಕರೆಯೋಣ.

ಇಂತಿ,
ಸೋಮವಾರದಿಂದ ತನ್ನ ಕುರ್ಚಿ ಇರುತ್ತದೋ ಇಲ್ಲವೋ ತಿಳಿಯದ
ನಿಮ್ಮದೇ ಗೋದಾಮಿನ ಗುಮಾಸ್ತ