ಎರಡು ಸೈಕಲ್ಲಿಗೆ ಒಂದು ಪೆಟ್ಟಿಗೆ

ಇವಳೇ,

ಟಿಕೆಟ್ಟಿನ ಬೆಲೆ ಇನ್ನಷ್ಟು ಇಳಿಯಲಿ ಎಂದು ನಾವು ಮುಂದೂಡುತ್ತಲೇ ಬಂದ ಪರದೇಶದ ಸೈಕಲ್ ಪ್ರವಾಸಕ್ಕೆ, ನೀನು ತೀರಿಕೊಂಡ ಮೇಲೆ ನಾನೊಬ್ಬನೇ ಹೊರಟಿದ್ದೇನೆ. ಎರಡೂ ಸೈಕಲ್ಲುಗಳನ್ನು ಬಿಚ್ಚಿ ಒಂದೇ ಪೆಟ್ಟಿಗೆಯಲ್ಲಿ ಹಿಡಿಸಿದರೆ ಸಾಗಣೆಯ ಖರ್ಚು ಉಳಿಯುವುದೆಂದು ನೀನು ಅಂಗಡಿಯವನನ್ನು ಕಾಡಿ ತಂದಿದ್ದ ರಟ್ಟಿನ ಪೆಟ್ಟಿಗೆಯೊಳಗೆ ನನ್ನದೊಂದೇ ಅಲುಗಾಡುತ್ತಿತ್ತು. ಸಂದಿಗಳಿಗೆ ನಿನ್ನ ಉಣ್ಣೆಯ ಉಡುಪುಗಳನ್ನು ತುರುಕಿದೆ.

ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಪೆಟ್ಟಿಗೆ ತೆರೆಸಿ ನಕ್ಕಳು.

"ಏನಜ್ಜ, ಅಜ್ಜಿ ಬಟ್ಟೆನೆಲ್ಲ ಹೊತ್ಕೊಂಡು ಹೊರಟಿದೀರಲ್ಲ, ಅವರನ್ನೆಲ್ಲಿ ಬಿಟ್ರಿ?"

"ಅವಳಿಗೆ ಚಳಿ ತಡೆಯೋಕಾಗಲ್ಲ ಕಣಮ್ಮ."

"ಹಾಗಾದ್ರೆ ಇದೊಂದನ್ನ ಕೈಯಲ್ಲೇ ಇಟ್ಕೊಳ್ಳಿ. ವಿಮಾನದೊಳಗೂ ಚಳೀನೇ," ಎಂದು ನಿನ್ನ ಸ್ವೆಟರನ್ನು ತೆಗೆದುಕೊಟ್ಟಳು.

ಈಗ ಅದು ನನ್ನ ಮಡಿಲಲ್ಲಿದೆ. ಆ ಹುಡುಗಿ ಹೇಳಿದ್ದು ನಿಜ, ಇಲ್ಲಿ ಬಹಳ ಚಳಿ. ಹೊದ್ದುಕೊಳ್ಳಲು ಮಾತ್ರ ಮನಸ್ಸು ಬಾರದು.