ಸೀಸ ತುಂಬಿದ ನಾಬ್

ಮಂಗೋರ್ ಹಿಲ್, ವಾಸ್ಕೊ
3 ಡಿಸೆಂಬರ್ 1991

ನಮ್ಮ ಮನೆಯವರಿಗೆ ಸಲಾಂ.

ನಾನು ಕ್ಷೇಮ, ನಿಮ್ಮ ವಿಡಿಯೊ ಗೇಮ್ ಪೆಟ್ಟಿಗೆಯೂ ಕ್ಷೇಮ. ಲಕೋಟೆಯ ಮೇಲೆ ನಿಮ್ಮ ಹೆಸರನ್ನು ಪಕ್ಕದ ಮನೆಯ ಚಂಪಾಬಾಯಿ ಬರೆದಿದ್ದಾಳೆ. ಮದುವೆಯಾಗಿ ಹನ್ನೊಂದು ವರ್ಷ ಬಾಯಿಗೆ ತರದ ಹೆಸರನ್ನು ಅಂಚೆಯವನಿಗಾಗಿ ಬರೆಯಲು ನನಗೆ ಮನಸ್ಸಾಗಲಿಲ್ಲ.

ಕಲಂಗುಟ್‌ನಲ್ಲಿ ಮುಚ್ಚಿಹೋದ ಆಟದಂಗಡಿಯಿಂದ ಆ ಪೆಟ್ಟಿಗೆ ತಂದು, ಕಿಟಕಿಯ ಬಳಿಯಿದ್ದ ನನ್ನ ಹೊಲಿಗೆ ಮಷಿನ್ನನ್ನು ಮೂಲೆಗೆ ತಳ್ಳಿದಿರಿ. ಮೊದಲ ದಿನವೇ ಆಡಿ, ಗೆದ್ದವರ ಪಟ್ಟಿಯ ಮೇಲ್ತುದಿಯಲ್ಲಿ ಮೂರು ಇಂಗ್ಲಿಷ್ ಅಕ್ಷರದಲ್ಲಿ ನಿಮ್ಮ ಹೆಸರು ಕೂರಿಸಿ ಗುಡ್ಡವೆಲ್ಲ ಸಾರಿಕೊಂಡು ಬಂದಿರಿ. ಮರುದಿನ, ಪರದೆಯ ಮೇಲಿನ ಬ್ಯಾಟು ಓಡಿಸಲು ತಿರುಗಿಸುವ ನಾಬ್ ಮುರಿಯಿತು. ನಾನು ಅದರ ಮೇಲೆ ಹಿಟ್ಟಿನ ಬೋಗುಣಿ ಇಟ್ಟದ್ದೇ ಕಾರಣವೆಂದು ರಂಪ ಮಾಡಿ, "ಇದು ಮೊದಲಿನಂಗ ತಿರಗೂತನಕ ನಾ ಈ ಮನಿಗೆ ಕಾಲಿಡಂಗಿಲ್ಲ" ಎಂದು ಹೊರಟವರು ಇಪ್ಪತ್ತೆರಡು ದಿನದಿಂದ ಕಲಂಗುಟ್‌ನ ನಿಮ್ಮ ರೇಡಿಯೊ ರಿಪೇರಿ ಅಂಗಡಿಯಲ್ಲೇ ಮಲಗುತ್ತಿದ್ದೀರಿ.

ಬಸ್ ಕಂಡಕ್ಟರನ ಕೈಲಿ ಕಳಿಸಿದ ಎರಡೂ ನಾಬ್ ಮುಟ್ಟಿದವು. ನೀವು ಚೀಟಿಯಲ್ಲಿ ಬರೆದಂತೆಯೇ ಸಿಕ್ಕಿಸಿ ನೋಡಿದೆ. ಮೊದಲನೆಯದು ರೇಡಿಯೊದ್ದು. ರೇಡಿಯೊ ರಿಪೇರಿ ಮಾಡುವವರಿಗೆ ಲೋಕವೆಲ್ಲ ರೇಡಿಯೊ. ಅದು ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಬ್ಯಾಟು ಅತ್ತ ಹೋಗುವುದರೊಳಗೆ ಚೆಂಡು ಮೂಲೆಯಲ್ಲಿ ಬಿದ್ದು ಸಾಯುತ್ತದೆ. ಮ್ಹಾಪಸಾ ಸಂತೆಯ ಕೆಂಪು ನಾಬ್ ಎಷ್ಟು ಬೇಕಾದರೂ ತಿರುಗುತ್ತದೆ, ಆದರೆ ತೀರಾ ಹಗುರ. ಬೆರಳು ತಾಗಿದರೆ ಸಾಕು, ಬ್ಯಾಟು ಗೋಡೆಯಿಂದ ಗೋಡೆಗೆ ಓಡುತ್ತದೆ. ಬಣ್ಣ ನೋಡಿ ಆರಿಸಿದ್ದೀರಿ ಎಂದು ಗೊತ್ತಾಯಿತು.

ನನ್ನ ಮಷಿನ್ನಿನ ಚಕ್ರ ಅಂಗೈಯ ಮಾತು ಕೇಳುವುದು ಅದಕ್ಕೆ ತೂಕವಿರುವುದರಿಂದ. ಮೀನು ಮಾರುವ ಸೋನಿಬಾಯಿಯಿಂದ ಬಲೆಗೆ ಕಟ್ಟುವ ಸೀಸದ ಗುಂಡು ತಂದು, ಕೆಂಪು ನಾಬಿನ ಪೊಳ್ಳಿನಲ್ಲಿ ತುಂಬಿ, ಮೇಣದಬತ್ತಿ ಕರಗಿಸಿ ಮುಚ್ಚಿದೆ. ಎರಡು ಗುಂಡು ಸಾಲಲಿಲ್ಲ, ಆರು ಹಾಕಿದರೆ ಸೋಮಾರಿಯಾಯಿತು. ನಾಲ್ಕಕ್ಕೆ ಹೇಳಿದಲ್ಲಿ ಹೋಗಿ, ಹೇಳಿದಲ್ಲಿ ನಿಂತಿತು. ನೀವೂ ಹಾಗಿದ್ದರೆ ಎಂದುಕೊಂಡೆ.

ಕೆಳಗಿನ ಮನೆಯ, ಗೋಡೆ ಕಟ್ಟುವ ಗೌಂಡಿ ಹೊಳೆಪ್ಪ ದಿನವೂ ಬರುತ್ತಾನೆ. ಪರದೆಯ ಮೇಲೆ ಇಟ್ಟಿಗೆ ಒಡೆಯುವ ಆಟ ನೋಡಿ, "ಅಕ್ಕಾರ, ಇಪ್ಪತ್ತು ವರ್ಷ ಬರೇ ಕಟ್ಟೇನ್ರಿ, ಒಮ್ಮೆರ ಒಡಿಯಾಕ ಬಿಡ್ರಿ" ಎಂದು ಗೋಗರೆದ. ಬಿಟ್ಟೆ. ಮೂರೇ ಇಟ್ಟಿಗೆ ಒಡೆದ, ಪಾಪ.

ಅಂತೂ ನಿಮ್ಮ ಆಣೆ ತೀರಿತು, ಬನ್ನಿ. ರಾತ್ರಿ ನಾಲ್ಕು ರೊಟ್ಟಿ ಬಡಿದು ಎರಡು ಉಳಿಸಿಕೊಂಡು ಸಾಕಾಗಿದೆ. ನೀವಿಲ್ಲದ ಮನೆ ಬಿಕೋ ಎನ್ನುತ್ತದೆ. ಇದನ್ನು ಬರೆಯಬಾರದು ಎಂದಿದ್ದೆ, ಬರೆದುಬಿಟ್ಟೆ.

ನಿಮ್ಮ ದಾರಿ ಕಾಯುವ,
ಅಖ್ತರಬಾನು

ಮರೆತಿದ್ದೆ: ನಾಬ್ ಮುರಿದದ್ದು ಬೋಗುಣಿಯಿಂದಲ್ಲ. ನೀವು ನಮಾಜಿಗೆ ಹೋದಾಗ ನಾನೇ ಆಡುತ್ತ ಮುರಿದೆ. ಸೀಸ ತುಂಬಿ ಸರಿಮಾಡಿಯೂ ಎಂಟು ದಿನವಾಯಿತು. ಪತ್ರ ತಡವಾದದ್ದಕ್ಕೆ ಕಾರಣವಿದೆ. ಚಂಪಾಬಾಯಿಯಿಂದ ನನ್ನ ಹೆಸರಿನ ಮೂರು ಇಂಗ್ಲಿಷ್ ಅಕ್ಷರ ಕಲಿತೆ. ಗಂಡನ ಹೆಸರು ಹೇಳಬಾರದು ಎಂದು ಹಿರಿಯರು ಕಲಿಸಿದ್ದರು. ಗೆದ್ದವರ ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ತನ್ನ ಹೆಸರು ಬರೆಯಬಾರದು ಎಂದು ಯಾರೂ ಹೇಳಿರಲಿಲ್ಲ.